ನೋವು ನಿಂತ ಹಲ್ಲು

ಸೋಮವಾರ ಬೆಳಿಗ್ಗೆ ಸೊಸೆಯ ಮೇಲ್ದುಟಿ ಊದಿಕೊಂಡಿತ್ತು. ಊತ ಮೂಗಿನ ಪಕ್ಕದಿಂದ ಬಲಗಣ್ಣಿನ ಕೆಳಗಿನವರೆಗೂ ಏರಿತ್ತು. ಮೈ ಸುಡುತ್ತಿತ್ತು. ಆದರೂ ಅವಳು ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಊಟದ ಡಬ್ಬಿ ಕಟ್ಟುತ್ತಿದ್ದಳು. ಅವಳು ಕೆಲಸ ಮಾಡುವುದು ಶರ್ಟ್ ಹೊಲಿಯುವ ಅಂಗಡಿಯೊಂದರಲ್ಲಿ. ಅಲ್ಲಿ ಆರು ಮೆಷಿನ್, ಆರು ಹೆಂಗಸರು. ಕಾಲರ್ ಇವಳ ಪಾಲು.

ರಜೆಗೆ ತವರಿಗೆ ಬಂದಿದ್ದ ನಾದಿನಿ ಬಾಗಿಲಲ್ಲೇ ತಡೆದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಅತ್ತಿಗೆ, ಎಲ್ಲಿಗೆ ಹೊರಟ್ರಿ ಈ ಮುಖ ಹೊತ್ಕೊಂಡು?"

"ಕೆಲಸಕ್ಕೆ ಕಣೇ. ಮುಖದಲ್ಲಿ ಹೊಲೀತೀನಾ? ಕೈಯಲ್ಲಿ ತಾನೇ?"

ಒಳಗಿನಿಂದ ಅತ್ತೆ ಬಿಸಿ ಬಟ್ಟೆ ಹಿಡಿದು ಬಂದರು. "ಒಂದಿಷ್ಟು ಕಾವು ಕೊಟ್ರೆ ಇಳಿಯತ್ತೆ ಬಿಡು. ಹಲ್ಲಿನ ಊತ, ಅಷ್ಟೇ."

ನಾದಿನಿಗೆ ಪಿತ್ತ ನೆತ್ತಿಗೇರಿತು.

"ಅಷ್ಟೇ! ಈ ಅಷ್ಟೇ ಅನ್ನೋದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ಅಮ್ಮ. ಕಾಲಿಗೆ ಮುಳ್ಳು ಚುಚ್ಚಿದ್ರೆ ಓಡ್ತೀರಿ, ಕಣ್ಣಿಗೆ ಧೂಳು ಬಿದ್ರೆ ಓಡ್ತೀರಿ. ಬಾಯಿ ಮಾತ್ರ ಪಕ್ಕದ ಮನೆಯವರ ಹಿತ್ತಲು. ನಮ್ಮದಲ್ಲ! ಆ ಬಿಸಿ ಬಟ್ಟೆ ಮೊದಲು ಆಚೆ ಇಡು, ಕಾವು ಕೊಟ್ರೆ ಊತ ಇನ್ನೂ ಹೆಚ್ಚತ್ತೆ. ಅತ್ತಿಗೆ, ಬೆಳಕಿಗೆ ಬಂದು ಬಾಯಿ ತೆಗೀರಿ."

ಮುಂದಿನ ಒಂದು ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ತುದಿಯಲ್ಲಿ ಗರಗಸದಿಂದ ಉಜ್ಜಿದಂತೆ ಒಂದು ಕಚ್ಚು. ಮೇಲಿನ ವಸಡಿನಲ್ಲಿ ಬಿಳಿ ಕಲೆ.

"ಈ ಬಿಳಿ ಏನಿದು?"

"ನಿನ್ನೆ ಮತ್ತೆ ನೋವು ಬಂತು, ನೋವಿನ ಮಾತ್ರೆ ಪುಡಿ ಮಾಡಿ ಒತ್ತಿದ್ದೆ."

"ಮಾತ್ರೆ ಇರೋದು ನುಂಗೋಕೆ. ವಸಡಿಗೆ ಒತ್ತಿದ್ರೆ ಸುಡತ್ತೆ. ಇದು ರೋಗದ ಕಲೆ ಅಲ್ಲ, ನೀವೇ ಹಾಕ್ಕೊಂಡ ಬರೆ. ಈ ಕಚ್ಚು?"

"ದಾರ ಕಡಿದೂ ಕಡಿದೂ..."

"ಕತ್ತರಿ ಇಲ್ವಾ ಅಂಗಡೀಲಿ?"

"ಇದೆ, ಒಂದು. ಅಂಗಡಿ ನಡೆಸೋ ಮಾಸ್ಟರ್ ಅದನ್ನ ತಮ್ಮ ಮೇಜಿಗೆ ಹಗ್ಗ ಹಾಕಿ ಕಟ್ಟಿದಾರೆ. ಪ್ರತಿ ಸಲ ಎದ್ದು ಹೋದ್ರೆ ಕೆಲಸ ಸಾಗಲ್ಲ. ದೇವರೇ ಕೊಟ್ಟ ಕತ್ತರಿ ಬಾಯಲ್ಲಿದೆಯಲ್ಲಮ್ಮ ಅಂತಾರೆ."

ದಿನಕ್ಕೆ ನಲವತ್ತು ಕಾಲರ್. ಒಂದೊಂದಕ್ಕೆ ಕಡಿಮೆಯೆಂದರೂ ಮೂರು ಸಲ ದಾರ ಕಡಿಯಬೇಕು. ಅಂದರೆ ದಿನಕ್ಕೆ ನೂರಿಪ್ಪತ್ತು ಸಲ, ಹನ್ನೆರಡು ವರ್ಷ. ಮೊದಲು ಕಚ್ಚು ಬಿತ್ತು. ಆಮೇಲೆ ಚೂರು ಹಾರಿ ಬಿರುಕು ಬಿಟ್ಟಿತು. ಮೆಷಿನ್ ಮುಂದೆ ದಿನಕ್ಕೆ ನಾಲ್ಕು ಲೋಟ ಸಕ್ಕರೆ ಚಹಾ, ಬ್ರಷ್ ಬೆಳಿಗ್ಗೆ ಮಾತ್ರ. ಬಿರುಕಿನೊಳಗೆ ಹುಳುಕು ಹಿಡಿಯಿತು. ಇದು ಹಣೆಬರಹವಲ್ಲ, ಅಸಡ್ಡೆ. ಇವಳದು ಸ್ವಲ್ಪ, ಮಾಸ್ಟರರದು ಬಹಳ.

"ಹೋದ ತಿಂಗಳು ನಾನೇ ಹಲ್ಲಿನ ಡಾಕ್ಟರ ಹತ್ರ ನಿಮ್ಮ ಹೆಸರು ಬರೆಸಿದ್ನಲ್ಲ ಅತ್ತಿಗೆ? ಯಾಕೆ ಹೋಗಲಿಲ್ಲ?"

"ಆಗ ನೋವು ತಾನಾಗೇ ನಿಂತುಹೋಯ್ತು ಕಣೇ. ವಾಸಿ ಆಯ್ತು ಅಂದ್ಕೊಂಡೆ."

"ವಾಸಿ ಆಗಿದ್ದಲ್ಲ, ಒಳಗಿನ ನರ ಸತ್ತಿದ್ದು! ಸತ್ತ ನರ ಕೂಗಲ್ಲ. ಸೋಂಕು ಮಾತ್ರ ಬೇರಿನ ತುದೀಲಿ ಕೂತು ಕೀವು ಕಟ್ತಾ ಇತ್ತು. ಈಗ ಹೊರಗೆ ಬರೋಕೆ ದಾರಿ ಹುಡುಕ್ತಿದೆ. ನಡೀರಿ ಆಸ್ಪತ್ರೆಗೆ."

ಅತ್ತೆ ಅಡ್ಡ ಬಂದರು. "ಬೇಡ ಕಣೇ. ಮೇಲಿನ ಹಲ್ಲು ಮುಟ್ಟಿಸಿದ್ರೆ ಕಣ್ಣು ಹೋಗತ್ತಂತೆ. ಎರಡಕ್ಕೂ ಒಂದೇ ನರ."

"ಹಾಗಾದ್ರೆ ಕನ್ನಡಕ ಹಾಕಿದವರೆಲ್ಲ ಹಲ್ಲು ಕೀಳಿಸಿದವರಾ ಅಮ್ಮ? ಹಲ್ಲಿಗೆ ಚಿಕಿತ್ಸೆ ಮಾಡಿಸಿದ್ರೆ ಕಣ್ಣು ಹೋಗಲ್ಲ. ಮಾಡಿಸದೆ ಬಿಟ್ರೆ ಹೋಗಬಹುದು. ಈ ಊತ ಎಲ್ಲಿಗೆ ಏರ್ತಿದೆ, ನೀನೇ ನೋಡು."

ಅತ್ತೆ ನೋಡಿದರು. ಸೊಸೆಯ ಬಲಗಣ್ಣು ಆಗಲೇ ಅರ್ಧ ಮುಚ್ಚಿತ್ತು. ಸೊಸೆಯ ಕೈಯಿಂದ ಡಬ್ಬಿ ಕಿತ್ತು ಕೆಳಗಿಟ್ಟು ಫೋನ್ ತೆಗೆದುಕೊಂಡರು.

"ಮಾಸ್ಟರೇ, ನನ್ನ ಸೊಸೆ ಇವತ್ತು ಬರಲ್ಲ."

"ಹಲ್ಲುನೋವಿಗೂ ರಜೆಯಾ ಅಮ್ಮ?"

"ಹೂಂ, ರಜೆಯೇ! ಕತ್ತರಿ ಕಳೆದುಹೋಗತ್ತೆ ಅಂತ ಹಗ್ಗ ಕಟ್ಟಿದ್ರಲ್ಲ, ಇವಳ ಹಲ್ಲು ಹೋದ್ರೆ ನಿಮ್ಮ ಬಾಯಿಂದ ಕಿತ್ತು ಕೊಡ್ತೀರಾ? ಆರು ಜನಕ್ಕೆ ಆರು ಕತ್ತರಿ ತರಿಸಿ. ಇಲ್ಲಾಂದ್ರೆ ನಾನೇ ಅಲ್ಲಿಗೆ ಬರ್ತೀನಿ."

ಆಸ್ಪತ್ರೆಯ ದಂತ ವಿಭಾಗದಲ್ಲಿ ಡಾಕ್ಟರ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೀವು ತೆಗೆದರು. ಸೋಂಕಿಗೆ ಔಷಧಿ ಬರೆದರು. ಮೂರನೇ ದಿನಕ್ಕೆ ಕಣ್ಣು ಪೂರ್ತಿ ತೆರೆಯಿತು. ಹಲ್ಲನ್ನು ಕೀಳಲಿಲ್ಲ. ಬೇರಿನ ಒಳಭಾಗ ಶುಚಿ ಮಾಡಿ, ಮುಚ್ಚಿ, ಮೇಲೆ ಕ್ಯಾಪ್ ಹಾಕಿದರು. ಅದಕ್ಕೆ ಇನ್ನೂ ಮೂರು ಸಲ ಓಡಾಡಬೇಕಾಯಿತು. "ತಣ್ಣೀರು ಜುಂ ಅಂದಾಗಲೇ ಬಂದಿದ್ರೆ ಒಂದೇ ಸಲಕ್ಕೆ ಸಿಮೆಂಟ್ ತುಂಬಿ ಕಳಿಸ್ತಿದ್ದೆ," ಎಂದರು ಡಾಕ್ಟರ್. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು.

ಓದುತ್ತಿರುವವರೇ, ಹಲ್ಲಿನ ನೋವು ತಾನಾಗಿ ನಿಂತರೆ ಸಂತೋಷಪಡಬೇಡಿ, ತೋರಿಸಿಕೊಳ್ಳಿ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಎರಡೆರಡು ನಿಮಿಷ ಮೆತ್ತನೆಯ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ರಾತ್ರಿ ಉಜ್ಜಿದ ಮೇಲೆ ಏನೂ ತಿನ್ನಬೇಡಿ. ಸಿಹಿಯನ್ನು ಊಟದ ಜೊತೆಗೇ ಮುಗಿಸಿ, ದಿನವಿಡೀ ಚಪ್ಪರಿಸಬೇಡಿ. ವಸಡಿನಲ್ಲಿ ರಕ್ತ ಬರುವುದು, ತಣ್ಣೀರಿಗೆ ಜುಂ ಎನ್ನುವುದು, ಹಲ್ಲಿನ ಬಣ್ಣ ಬದಲಾಗುವುದು ಸಣ್ಣ ವಿಷಯಗಳಲ್ಲ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮರುದಿನಕ್ಕೆ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಒಂದೇ ಕಡೆ ಅಗಿಯುವವರು, ಬಾಯಿಗೆ ಕೈ ಅಡ್ಡ ಹಿಡಿದು ನಗುವವರು ಯಾರಾದರೂ ಇರಬಹುದು. ಅವರು ತಾವಾಗಿ ಹೇಳುವುದಿಲ್ಲ. ಇವತ್ತೇ ನೀವು ಕೇಳಿ.