ಹೊಸ ಮಿಸ್ ನೋಟ್ಸ್ ಕೊಡುವುದಿಲ್ಲ

ಹೇಗೆ ಶುರು ಮಾಡಲಿ? ‘ಹೊಸ ಮಿಸ್ ಬಲು ಜಂಬದವಳು’ ಅಂತ ಬರೆದೆ, ಹೊಡೆದುಹಾಕಿದೆ. ಅವಳಿಗೆ ಜಂಬವೇ ಇಲ್ಲ, ನನ್ನ ಹೊಟ್ಟೆಕಿಚ್ಚಿಗೆ ಅದೇ ಮೂಲ. ಓದುಗರೇ, ನಾನು ಇಪ್ಪತ್ತೆರಡು ವರ್ಷ ಸಮಾಜ ಪಾಠ ಮಾಡಿದವಳು. ನೋಟ್ಸ್ ಹೇಳಿ ಬರೆಸುತ್ತೇನೆ, ಮಕ್ಕಳು ಉರು ಹೊಡೆದು ಪಾಸಾಗುತ್ತಾರೆ. (ನೀವೂ ಹಾಗೇ ಪಾಸಾದವರು, ನಗಬೇಡಿ.)

೨. (ಒಂದನೆಯದನ್ನು ಹರಿದೆ. ಅದರ ತುಂಬ ಅವಳ ಚಪ್ಪಲಿಯ ಬಗ್ಗೆ ಬೈಗುಳವೇ ಇತ್ತು.) ಹೊಸ ಮಿಸ್ ನೋಟ್ಸ್ ಕೊಡುವುದಿಲ್ಲ. ಈಗ ಪ್ರಪಂಚದಲ್ಲೆಲ್ಲ ಸಮಾಜ ಪಾಠ ಹೀಗೇ ಅಂತೆ, ಮಕ್ಕಳೇ ಓದಿ ತೀರ್ಮಾನಿಸಬೇಕಂತೆ. ಟ್ರೈನಿಂಗ್‌ನಲ್ಲಿ ನನಗೂ ಹೇಳಿದ್ದರು, ನಾನು ಹಿಂದಿನ ಸಾಲಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವಳು ಒಂದು ಹಳೆಯ ಮುಷ್ಕರದ ಬಗ್ಗೆ ಎರಡು ಪತ್ರ ಹಂಚುತ್ತಾಳೆ. ಒಂದು ಗಿರಣಿ ಮಾಲೀಕನದು, ಇನ್ನೊಂದು ಅಲ್ಲಿ ಕೆಲಸಕ್ಕಿದ್ದ ಹೆಂಗಸಿನದು. ಮೊದಲು ಕಲ್ಲೆಸೆದವರು ಯಾರು? ಒಂದೊಂದು ಪತ್ರ ಒಂದೊಂದು ಹೇಳುತ್ತದೆ. ಮಕ್ಕಳು ಕಿತ್ತಾಡುತ್ತಾರೆ. ಹೋದ ವರ್ಷ ನನ್ನ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ನನ್ನ ಮಗಳು ಎದ್ದುನಿಂತು ವಾದಿಸುತ್ತಾಳೆ. ಮನೆಯಲ್ಲೂ ಬಾಯಿ ಬಿಟ್ಟರೆ ‘ನಮ್ ಮಿಸ್, ನಮ್ ಮಿಸ್’. ಹೆತ್ತವಳು ನಾನು! ಹೊಟ್ಟೆ ಉರಿಯದೆ ಇರುತ್ತದೆಯೇ?

೩. ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ತಡೆಯಲಾಗಲಿಲ್ಲ. ಒಳಗೆ ನುಗ್ಗಿ, “ಮೊದ್ಲು ಎಸೆದಿದ್ದು ಗಿರಣಿ ಕಾವಲುಗಾರರು. ಬರ್ಕೊಳ್ಳಿ” ಅಂದೆ. (ನನ್ನ ನೋಟ್ಸಿನಲ್ಲಿ ಹಾಗಿದೆ.)

ನಲವತ್ತು ಮಕ್ಕಳು ತೆಪ್ಪಗೆ ಕೂತು ಪೆನ್ ತೆಗೆದರು. ಗೆದ್ದೆ ಅನ್ನಿಸಿತು. ಮಗಳು ಮಾತ್ರ ಬರೆಯಲಿಲ್ಲ, ನಾಚಿಕೆಯಿಂದ ತಲೆ ತಗ್ಗಿಸಿದಳು.

(ಇಲ್ಲಿ ಹೊಸ ಮಿಸ್ ಕಥೆಯೊಳಗಿಂದಲೇ ಜಗಳಕ್ಕೆ ಬಂದಳು: “ಮೇಡಂ, ನನ್ಗೂ ಒಂದು ಮಾತಾಡೋಕೆ ಬಿಡಿ.” “ಸುಮ್ನಿರಮ್ಮ, ಇದು ನನ್ನ ಕಥೆ.”)

ಮುಕ್ತಾಯ ಅ: ಹೊಸ ಮಿಸ್‌ಗೆ ವರ್ಗವಾಯಿತು. (ಆಸೆ, ಅಷ್ಟೇ.)

ಮುಕ್ತಾಯ ಆ: ಅವಳು ಸ್ಟಾಫ್‌ರೂಮಿನಲ್ಲಿ ಕಣ್ಣೊರೆಸಿಕೊಂಡು, “ನೀವು ಒಂದ್ಮಾತು ಅಂದ್ರೆ ಎಲ್ರೂ ಬರ್ಕೋತಾರೆ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಮೇಡಂ” ಅಂದಳು.

ಇದು ನನಗೆ ಬಹಳ ಹಿಡಿಸಿತು. ಮಗಳಿಗೆ ಓದಿ ಹೇಳಿದೆ.

“ಮಿಸ್ ಹಂಗಂದ್ರಾ?”

“ಮನಸ್ಸಲ್ಲಿ ಅಂದ್ಕೊಂಡಿರ್ತಾಳೆ ಬಿಡು.”

“ನೀನು ಅವ್ರನ್ನ ಕೇಳಿದ್ಯಾ ಅಮ್ಮಾ?”

ಓದುಗರೇ, ನಾನು ಇಷ್ಟು ವರ್ಷ ಪ್ರಶ್ನೆ ಕೇಳಿದ್ದೆಲ್ಲ ಉತ್ತರ ಮೊದಲೇ ಗೊತ್ತಿದ್ದಾಗ.

ಮುಕ್ತಾಯ ಇ: ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದೇನೆ. ಹೊಸ ಮಿಸ್ ತಲೆಯೆತ್ತಿ, “ಏನ್ ಮೇಡಂ?” ಅನ್ನುತ್ತಾಳೆ. “ನನ್ನ ಬಗ್ಗೆ ನಿನ್ಗೆ ಏನನ್ಸುತ್ತಮ್ಮ?” ಅಂತ ಕೇಳುತ್ತೇನೆ. ಮುಂದಿನ ಸಾಲು ಅವಳದು. ಅದನ್ನು ನಾನು ಬರೆಯುವಂತಿಲ್ಲ.