ಇಂಗಿಲ್ಲದ ಸಾರು

ಸತ್ಯವತಿ ಅಡುಗೆ ಮಾಡುವಾಗ ರುಚಿ ನೋಡುವವರಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಸೌಟಿನ ಒಂದು ಹನಿ ನಾಲಿಗೆಗೆ ತಾಗಿದರೂ ಅಡುಗೆಯೆಲ್ಲ ಎಂಜಲು. ಮೈಸೂರಿನಲ್ಲಿ ಅತ್ತೆ ಕಲಿಸಿದ ಈ ನೇಮವನ್ನು ಅವರು ಸಿಂಗಾಪುರದ ಟ್ಯಾಂಪಿನೀಸಿನ ಒಂಬತ್ತನೇ ಮಹಡಿಗೂ ಹೊತ್ತು ತಂದಿದ್ದರು. ಬೇಕೆಂದು ಮೂಸುವುದೂ ತಪ್ಪು. ಆದರೆ ಕುದಿಯುವ ಸಾರಿನ ಘಮ ತಾನಾಗಿಯೇ ಬಂದು ಮೂಗಿಗೆ ಸೇರಿದರೆ ಅದಕ್ಕೆ ಅವರೇನು ಮಾಡಲಾದೀತು? ಹಾಗೆ ತಾನಾಗಿ ಬಂದ ಘಮದ ಅಂದಾಜಿನಲ್ಲೇ ಮೂವತ್ತು ವರ್ಷದ ಸಂಸಾರದ ಉಪ್ಪು ಹುಳಿಗಳೆಲ್ಲ ಬಿದ್ದಿದ್ದವು.

ಕಡೆಯ ತೀರ್ಪು ಮಾತ್ರ ಗಂಡ ಅನಂತರಾಮರದು. ಮೊದಲ ತುತ್ತು ಅವರ ಬಾಯಿಗೆ ಹೋಗುತ್ತಿದ್ದಂತೆ ಸತ್ಯವತಿ ಸೌಟು ಹಿಡಿದೇ ಕೇಳುವರು, "ಹೇಗಿದೆ ರೀ?" ಆ ಮನುಷ್ಯ ಸುಲಭಕ್ಕೆ ಮಾರ್ಕು ಕೊಡುವವರಲ್ಲ. ಕಣ್ಣು ಮುಚ್ಚಿ, ಹುಬ್ಬೇರಿಸಿ, "ಹುಳಿ ಒಂದೆಳೆ ಮುಂದಾಯ್ತು" ಎಂದೋ, "ಧನಿಯಾ ಹಳೇದು, ಹೊಸದು ತರಿಸು" ಎಂದೋ ಏನಾದರೊಂದು ಕೊಂಕು ತೆಗೆಯುವರು. ಸತ್ಯವತಿ ಸಿಡುಕುವರು. ಒಳಗೊಳಗೆ ಮಾತ್ರ ಹಿಗ್ಗು. ಇಷ್ಟು ಗಮನವಿಟ್ಟು ಉಣ್ಣುವ ಗಂಡ ಎಷ್ಟು ಜನರಿಗುಂಟು?

ಪಾಯಾ ಲೆಬಾರಿನ ಆಫೀಸಿನಲ್ಲಿ ಅನಂತರಾಮರು ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದರು. ಅದು ಹೊಟ್ಟೆಪಾಡು. ಅವರ ನಿಜವಾದ ಪ್ರೀತಿ ವೈನ್. ಕೆಲಸದ ಮೇಲೆ ಮೆಲ್ಬೋರ್ನಿಗೆ ಹೋಗಿದ್ದಾಗ ಯಾರೋ ಅವರನ್ನು ದಕ್ಷಿಣಕ್ಕೆ, ಮಾರ್ನಿಂಗ್ಟನ್ ಪೆನಿನ್ಸುಲಾ ಎಂಬ ದ್ರಾಕ್ಷಿತೋಟಗಳ ಕಡೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಬಂದವರು ಬದಲಾಗಿಯೇ ಬಂದರು. ಶನಿವಾರ ಸಂಜೆ ಮನೆಗೆ ಬಂದವರನ್ನು ಕೂರಿಸಿಕೊಂಡು ಹರಿಕಥೆ ಶುರು: "ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಸಮುದ್ರ. ಮಧ್ಯೆ ಗುಡ್ಡ. ಹಗಲೂ ರಾತ್ರಿ ತಣ್ಣನೆ ಗಾಳಿ. ದ್ರಾಕ್ಷಿಗೆ ಹಣ್ಣಾಗೋಕೆ ಅರ್ಜೆಂಟೇ ಇಲ್ಲ. ನಿಧಾನವಾಗಿ ಮಾಗುತ್ತೆ. ಬಿಸಿಲಲ್ಲಿ ಬೇಗ ಹಣ್ಣಾದ್ರೆ ಬರೀ ಸಿಹಿ. ನಿಧಾನವಾಗಿ ಆದ್ರೆ ಹುಳಿ ಉಳಿಯುತ್ತೆ, ಘಮ ಕೂಡುತ್ತೆ. ಒಂದು ಗುಟುಕಲ್ಲಿ ಮುಗಿಸ್ಬೇಡಿ, ಮೊದಲು ಮೂಗು, ಆಮೇಲೆ ಬಾಯಿ."

ಸತ್ಯವತಿಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಬಾಟಲಿಗಳಿಗೆ ಹಿಂದಿನ ಕೋಣೆಯಲ್ಲಿ ಬೇರೆ ಫ್ರಿಜ್ಜು, ಗ್ಲಾಸುಗಳಿಗೆ ಬೇರೆ ಸ್ಪಾಂಜು, ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಗ್ಲಾಸು ತೊಳೆಯುವುದೂ ಅವರೇ, ಏಕೆಂದರೆ ಗಂಡ ತೊಳೆದರೆ ಅದು ತೊಳೆದಂತಲ್ಲ. ಆದರೂ ಒಂದು ಆಟ ಅವರಿಬ್ಬರ ನಡುವೆ ಹೇಗೋ ಬೆಳೆದುಬಿಟ್ಟಿತ್ತು. ಬಾಟಲಿ ತೆಗೆದ ಕೂಡಲೇ ಮೊದಲ ಗ್ಲಾಸನ್ನು ಅನಂತರಾಮರು ಹೆಂಡತಿಯ ಮೂಗಿನ ಮುಂದೆ ಹಿಡಿಯುವರು. ಸತ್ಯವತಿ ಒಂದು ಹನಿ ಮುಟ್ಟಿದವರಲ್ಲ, ಆದರೆ ಇದೇನು ದೇವರಿಗೆ ಹೋಗುವುದಲ್ಲವಲ್ಲ, ಮೂಸಿದರೆ ತಪ್ಪಿಲ್ಲ. ಮೂಸಿ ಮುಖ ಹಿಂಡುವರು: "ಥೂ, ನೇರಳೆಹಣ್ಣು ನೆಲಕ್ಕೆ ಬಿದ್ದು ಕೊಳೆತ ಹಾಗಿದೆ." "ಒಣಗಿದ ಗುಲಾಬಿ ಪಕಳೆ, ಅದರ ಜೊತೆ ಒದ್ದೆ ಎಲೆ." ಅನಂತರಾಮರು ಬಿದ್ದು ಬಿದ್ದು ನಗುವರು. "ಕೇಳಿದ್ರಾ? ಇದನ್ನೇ ಪುಸ್ತಕದಲ್ಲಿ ಕಾಡಿನ ನೆಲದ ಘಮ ಅಂತ ಹೊಗಳ್ತಾರೆ!"

ಎರಡು ಸಾವಿರದ ಹದಿಮೂರರ ಜೂನಿನಲ್ಲಿ ಸುಮಾತ್ರದ ಕಾಡ್ಗಿಚ್ಚಿನ ಹೊಗೆ ಬಂದು ಊರಿನ ಮೇಲೆ ಕೂತಿತು. ಜನ ಮಾಸ್ಕ್ ಹಾಕಿಕೊಂಡು ಎಂಆರ್‌ಟಿ ರೈಲು ಹತ್ತುತ್ತಿದ್ದರು. ಅದೇ ವಾರ ಅನಂತರಾಮರಿಗೆ ಕೆಟ್ಟ ನೆಗಡಿ, ಜ್ವರ. ಎದ್ದ ದಿನ ಬೆಳಿಗ್ಗೆ ಅವರು ಕಿಟಕಿ ತೆರೆದು, "ಹೊಗೆ ಕಡಿಮೆ ಆಯ್ತು, ಅಲ್ವಾ?" ಎಂದರು. ಮನೆಯೆಲ್ಲ ಸುಟ್ಟ ಕಟ್ಟಿಗೆಯ ವಾಸನೆ ತುಂಬಿತ್ತು. ನೆಗಡಿ ಇನ್ನೂ ಇರಬೇಕು ಅಂದುಕೊಂಡು ಸತ್ಯವತಿ ಸುಮ್ಮನೆ ಕಿಟಕಿ ಮುಚ್ಚಿದರು.

ಆಮೇಲಿನ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಅನಂತರಾಮರು ಒಳ್ಳೆಯವರಾಗಿಬಿಟ್ಟರು. "ಹೇಗಿದೆ ರೀ?" ಎಂದರೆ "ಚೆನ್ನಾಗಿದೆ." ಹುಳಿ ಮುಂದಲ್ಲ, ಧನಿಯಾ ಹಳೆಯದಲ್ಲ. ಪ್ರತಿದಿನ ಚೆನ್ನಾಗಿದೆ. ಗಣೇಶನ ಹಬ್ಬದ ದಿನ ಕಡುಬು, ಕೋಸಂಬರಿಗಳ ಗಡಿಬಿಡಿಯಲ್ಲಿ ಸತ್ಯವತಿ ಸಾರಿನ ಒಗ್ಗರಣೆಗೆ ಇಂಗು ಹಾಕುವುದನ್ನೇ ಮರೆತರು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದಂತೆ. ಇಲ್ಲಿ ಇಂಗೇ ಇಲ್ಲ. ಬಡಿಸುವಾಗ ನೆನಪಾಗಿ, ಬೈಗುಳಕ್ಕೆ ಸಿದ್ಧರಾಗಿಯೇ ಕೇಳಿದರು.

"ಘಮಘಮ ಅಂತಿದೆ," ಎಂದರು ಅನಂತರಾಮರು, ತಲೆ ಎತ್ತದೆ.

ಸತ್ಯವತಿ ಸೌಟು ಹಿಡಿದು ನಿಂತೇ ಇದ್ದರು. ಮೊದಲು ಹೆದರಿಕೆಯಾಯಿತು, ಆಮೇಲೆ ಸಿಟ್ಟು ಬಂತು: ಮೂವತ್ತು ವರ್ಷ ಜೊತೆಗಿದ್ದವಳಿಗೆ ಹೇಳಬಾರದೇ? ಗಂಡ ಔಷಧಿ ನುಂಗುವವರಂತೆ ಅನ್ನ ನುಂಗುತ್ತಿರುವುದನ್ನು ನೋಡುತ್ತ ನೋಡುತ್ತ ಸಿಟ್ಟು ಹೋಗಿ ಬರೀ ಸಂಕಟ ಉಳಿಯಿತು. ಆ ಮನುಷ್ಯನಿಗಿದ್ದ ಜಂಬವೆಲ್ಲ ಒಂದು ಮೂಗಿನದು. ಅದೂ ಹೋಗಿದೆಯೆಂದು ಎದುರಿಗೆ ನಿಂತು ಆಡಿ ತೋರಿಸುವುದು ಅವರಿಂದಾಗಲಿಲ್ಲ. "ಇನ್ನೊಂದು ಸೌಟು ಹಾಕ್ಲಾ?" ಎಂದರು, ಅಷ್ಟೆ.

ಶನಿವಾರಗಳು ನಿಲ್ಲಲಿಲ್ಲ. ಗ್ಲಾಸು ಮೊದಲು ಸತ್ಯವತಿಯ ಮೂಗಿನ ಮುಂದೆ ಬರುವುದೂ ನಿಲ್ಲಲಿಲ್ಲ. ಈಗ ಅವರು ಮೊದಲಿಗಿಂತ ಉದ್ದವಾಗಿ ಗೊಣಗುತ್ತಿದ್ದರು. ನೇರಳೆಯೋ, ನಿಂಬೆಸಿಪ್ಪೆಯೋ, ಏಲಕ್ಕಿಯೋ, ಎಲ್ಲವನ್ನೂ ಬಿಡಿಸಿ ಬಿಡಿಸಿ ಬೈಯುತ್ತಿದ್ದರು. ಅನಂತರಾಮರು ಆ ಬೈಗುಳವನ್ನೇ ಇಂಗ್ಲಿಷಿಗೆ ತಿರುಗಿಸಿ ಹರಿಕಥೆ ನಡೆಸುತ್ತಿದ್ದರು. ತಾನು ಹೆಂಡತಿಯ ಮೂಗನ್ನು ಕದಿಯುತ್ತಿದ್ದೇನೆ ಎಂದು ಅವರ ಲೆಕ್ಕ. ಕೊಡುತ್ತಿರುವುದು ನಾನೇ ಎಂದು ಸತ್ಯವತಿಯ ಲೆಕ್ಕ. ಬಂದವರು ಯಾರಿಗೂ ಏನೂ ತಿಳಿಯಲಿಲ್ಲ.

ಮರುವರ್ಷ ಫೆಬ್ರವರಿಯ ಒಂದು ಶನಿವಾರ ಸೆಂಗ್‌ಕಾಂಗಿನಿಂದ ವಿನೋದ ಬಂದ. ಅನಂತರಾಮರ ಆಫೀಸಿನ ಹುಡುಗ. ವೈನಿನ ಓನಾಮ ಕಲಿತದ್ದು ಇದೇ ಸೋಫಾದ ಮೇಲೆ. ಈಗ ಗುರುವಿಗಿಂತ ಹೆಚ್ಚು ಹುಚ್ಚು ಹತ್ತಿಸಿಕೊಂಡಿದ್ದ. ಮೆಲ್ಬೋರ್ನಿನಲ್ಲಿರುವ ಗೆಳೆಯನೊಬ್ಬನ ಜೊತೆ ಸೇರಿ ಮಾರ್ನಿಂಗ್ಟನ್ನಿನ ವೈನುಗಳನ್ನು ಸಿಂಗಾಪುರಕ್ಕೆ ತರಿಸುವ ಯೋಚನೆ. ಹೆಂಡತಿ ಸ್ಪಂದನಾ, "ಅನಂತರಾಮ್ ಅಂಕಲ್ ಹೂಂ ಅಂದ್ರೆ ಕೆಲಸ ಬಿಡು," ಎಂದಿದ್ದಳಂತೆ. ಗೆಳೆಯ ಆ ರಾತ್ರಿಯೊಳಗೆ ಉತ್ತರ ಕೇಳಿದ್ದ. ವಿನೋದ ಮಾರ್ನಿಂಗ್ಟನ್ನಿನಿಂದ ಕೈಯಲ್ಲೇ ಹೊತ್ತು ತಂದ ಪಿನೋ ನ್ವಾರ್ ಎಂಬ ಕೆಂಪು ವೈನಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅನಂತರಾಮರಿಗೆ ಕೊಟ್ಟ. ಈಗ ಬಹಳ ಬಾಟಲಿಗಳಿಗೆ ತಿರುಗಿಸುವ ಮುಚ್ಚಳ. ಇದಕ್ಕೆ ಹಳೆಯ ಕಾಲದ ಕಾರ್ಕು.

"ಅಂಕಲ್, ಇದು ಸ್ಮಾಲ್ ವೈನರಿ. ಫಸ್ಟ್ ಇವರ್ದೇ ತರಿಸೋಣ ಅಂತ. ನಾನಿನ್ನೂ ಇದನ್ನ ಓಪನ್ ಮಾಡಿಲ್ಲ. ನಿಮ್ಮ ಜೊತೆ ಟೇಸ್ಟ್ ಮಾಡ್ಬೇಕು ಅಂತ ಇಟ್ಕೊಂಡಿದ್ದೆ."

ಕಾರ್ಕು ತೆಗೆದಾಯಿತು. ತಿಳಿಗೆಂಪು ಬಣ್ಣ. ಅನಂತರಾಮರು ವಾಡಿಕೆಯಂತೆ ಗ್ಲಾಸನ್ನು ಹೆಂಡತಿಗೆ ಹಿಡಿದರು. ಸತ್ಯವತಿ ಮೂಸಿದರು. ಮಳೆಗಾಲದಲ್ಲಿ ರೇಷನ್ ಅಂಗಡಿಯ ಮೂಲೆಯಲ್ಲಿ ನೆಂದು ಬಿದ್ದ ಗೋಣಿಚೀಲ! ಹಣ್ಣಿಲ್ಲ, ಹೂವಿಲ್ಲ. ಬಾಯಿಯ ತುದಿಗೆ ಬಂದ ಬೈಗುಳವನ್ನು ಅವರು ಅಲ್ಲೇ ತಡೆದರು. ಗಂಡ ತಂದ ಬಾಟಲಿಯಾಗಿದ್ದರೆ ಮಾತು ಬೇರೆ. ಇದು ಅತಿಥಿ ಪ್ರೀತಿಯಿಂದ ತಂದದ್ದು. ಮನೆಗೆ ಬಂದವರು ತಂದುಕೊಟ್ಟದ್ದಕ್ಕೆ ಎದುರಿಗೇ ಹೆಸರಿಡುವುದು ಅವರ ಮನೆತನದಲ್ಲಿ ಯಾರೂ ಮಾಡಿದ್ದಿಲ್ಲ. ಹುಳಿದ್ರಾಕ್ಷಿ ತಂದರೂ "ಸಕ್ಕರೆ ಹಾಗಿದೆ" ಅನ್ನಬೇಕು.

"ಚೆನ್ನಾಗಿದೆಯಪ್ಪ," ಎಂದರು. "ಹೂವು, ಹಣ್ಣು ಎಲ್ಲಾ ಇದೆ."

ಅನಂತರಾಮರಿಗೆ ಅಷ್ಟು ಸಾಕಾಯಿತು. ಗ್ಲಾಸು ಆಡಿಸಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿದರು. "ವಾಹ್! ಚೆರ್ರಿ. ಗುಲಾಬಿ. ಹಿಂದೆ ಎಲ್ಲೋ ಸಣ್ಣಗೆ ಸಮುದ್ರದ ಗಾಳಿ. ಇಂಥದ್ದು ನಾನು ಕುಡಿದು ವರ್ಷವಾಯ್ತು ವಿನೋದ್."

ವಿನೋದ ಮೂಸಿದ. ಗ್ಲಾಸು ತಿರುಗಿಸಿ ಇನ್ನೊಮ್ಮೆ ಮೂಸಿದ. ಒಂದು ಗುಟುಕು ಕುಡಿದು ಕೆಳಗಿಟ್ಟ. ಅನಂತರಾಮರು ಗುಡ್ಡ, ಗಾಳಿ, ಸಮುದ್ರ ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಅವನು ತಲೆಯಾಡಿಸುತ್ತ ಕೂತಿದ್ದ. ಅವನ ಮುಖ ಬಾಡಿದ್ದನ್ನು ಸತ್ಯವತಿ ನೋಡಿದರು. ಯಾಕೆಂದು ಗೊತ್ತಾಗಲಿಲ್ಲ.

ಗೊತ್ತಾದದ್ದು ಊಟಕ್ಕೆ ಕೂತಾಗ. ಸತ್ಯವತಿ ಅನ್ನದ ಮೇಲೆ ಸಾರು ಬಡಿಸಿದರು. ವಿನೋದ ಮೊದಲ ತುತ್ತಿಗೇ ಸಣ್ಣಗೆ ಕೆಮ್ಮಿದ. ನೀರು ಕುಡಿದು ಹೇಳಿದ, "ಅಂಕಲ್, ನಾನು ಈ ಬಿಸಿನೆಸ್ ಡ್ರಾಪ್ ಮಾಡ್ತಾ ಇದೀನಿ. ಊಟ ಆದ್ಮೇಲೆ ಫ್ರೆಂಡ್‌ಗೆ ನೋ ಅಂತ ಮೆಸೇಜ್ ಹಾಕ್ಬಿಡ್ತೀನಿ."

"ಯಾಕೋ? ಅಷ್ಟು ಒಳ್ಳೆ ವೈನ್ ಅಂದೆನಲ್ಲ!"

"ಅದಕ್ಕೇ ಅಂಕಲ್. ನಿಮಗೆ ಚೆರ್ರಿ ಸಿಕ್ತು, ಆಂಟಿಗೆ ಹೂವು ಸಿಕ್ತು. ನನಗೆ ಬರೀ ಒದ್ದೆ ಕಾರ್ಡ್‌ಬೋರ್ಡ್ ಸ್ಮೆಲ್ ಬಂತು. ಇಷ್ಟು ವರ್ಷ ನಿಮ್ಮ ಹತ್ರ ಕಲಿತೂ ಬೇಸಿಕ್ ಗೊತ್ತಾಗ್ಲಿಲ್ಲ ಅಂದ್ರೆ ನನ್ನ ಮೂಗು ಈ ಲೈನ್‌ಗೆ ಅಲ್ಲ. ಕೆಲಸ ಬಿಡೋಕೆ ಮೊದಲೇ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು."

ಅನಂತರಾಮರ ಕೈ ತಟ್ಟೆಯಲ್ಲೇ ನಿಂತಿತು. ಮೂಗು ಹೋಗಿತ್ತೇ ಹೊರತು ವಿದ್ಯೆ ಹೋಗಿರಲಿಲ್ಲ. ಒದ್ದೆ ರಟ್ಟಿನ ವಾಸನೆ ಎಂದರೆ ಕಾರ್ಕು ಕೆಟ್ಟು ವೈನನ್ನೂ ಕೆಡಿಸಿದೆ ಎಂದರ್ಥ. ಅವರೇ ಇವನಿಗೆ ಕಲಿಸಿದ ಮೊದಲ ಪಾಠಗಳಲ್ಲಿ ಅದೊಂದು. ಹುಡುಗ ಗುರುವಿನ ಮಾತು ನಂಬಿ ಪಾಠವನ್ನೇ ಮರೆತಿದ್ದ.

"ಹಾಗಲ್ಲ," ಎಂದರು ಅನಂತರಾಮರು, ತಡವರಿಸಿ. "ನಿನ್ನ ಗ್ಲಾಸ್... ಗ್ಲಾಸ್ ಸರಿಯಾಗಿ ತೊಳೆದಿರ್ಲಿಲ್ಲ ಅನ್ಸುತ್ತೆ."

ಸತ್ಯವತಿಗೆ ಕಪಾಳಕ್ಕೆ ಹೊಡೆದಂತಾಯಿತು. ಐದು ತಿಂಗಳು ಕಾಪಾಡಿದ್ದಕ್ಕೆ ಸಿಕ್ಕ ಉಡುಗೊರೆ ಇದು! ಆದರೆ ಅವರ ಕಣ್ಣು ಹೋದದ್ದು ಗಂಡನ ಕಡೆಗಲ್ಲ. ಸರಿಯಾಗಿರುವ ತನ್ನ ಮೂಗನ್ನು ತಾನೇ ಬಿಸಾಡಲು ಹೊರಟಿದ್ದ ಆ ಹುಡುಗನ ಕಡೆಗೆ. ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟರು.

"ಗ್ಲಾಸು ತೊಳೆದಿದ್ದು ನಾನು. ಚೆನ್ನಾಗೇ ತೊಳೆದಿದ್ದೆ. ವಿನೋದ್, ಬಾಟ್ಲೀಲೇ ವಾಸನೆ ಇತ್ತು ಕಣಪ್ಪ. ಒದ್ದೆ ಗೋಣಿಚೀಲದ್ದು."

"ಮತ್ತೆ ನೀನು ಚೆನ್ನಾಗಿದೆ ಅಂದ್ಯಲ್ಲ!"

ಅನಂತರಾಮರ ಬಾಯಿಂದ ಅದು ಕೂಗಿನಂತೆ ಬಂತು. ವಿನೋದ ಒಮ್ಮೆ ಅಂಕಲ್ಲನ್ನು, ಒಮ್ಮೆ ಆಂಟಿಯನ್ನು ನೋಡಿದ. ಏನಾಯಿತೆಂದು ಅರ್ಥವಾಗಿ ತಟ್ಟೆ ನೋಡತೊಡಗಿದ.

ಅನಂತರಾಮರ ಭುಜ ಇಳಿಯಿತು. "ವಿನೋದ್, ತಲೆ ಎತ್ತೋ. ನನಗೆ ವಾಸನೆ ಬರಲ್ಲ. ಆ ಹೊಗೆ ಟೈಮಲ್ಲಿ ನೆಗಡಿ ಬಂತಲ್ಲ, ಆಗ ಹೋಗಿದ್ದು ವಾಪಸ್ ಬರ್ಲೇ ಇಲ್ಲ. ಡಾಕ್ಟರ್ ನೋಡಿ ಬರಬಹುದು, ಬರದೇ ಇರಬಹುದು ಅಂದ್ರು. ಸತ್ಯಾ ಬೈದಿದ್ದನ್ನೇ ನಾನು ನಿಮಗೆಲ್ಲ ಇಂಗ್ಲಿಷಲ್ಲಿ ಹೇಳ್ತಾ ಇದ್ದೆ. ನಿನ್ನ ಮೂಗು ಸರಿಯಾಗಿದೆ. ಕಾರ್ಕ್ ಕೆಟ್ಟಿದೆ, ಕೆಟ್ಟಿರೋದು ಆ ಬಾಟ್ಲಿ, ವೈನ್ ಅಲ್ಲ. ನಿನ್ನ ಫ್ರೆಂಡ್ ಹತ್ರ ಸ್ವಲ್ಪ ಟೈಮ್ ಕೇಳಿ ಇನ್ನೊಂದು ತರಿಸು, ನೀನೇ ಮೂಸಿ ನೋಡು. ಬೇಕೋ ಬೇಡ್ವೋ ಆಗ ಡಿಸೈಡ್ ಮಾಡು. ನನ್ನ ಕೇಳ್ಬೇಡ."

ವಿನೋದ ಮೇಜಿನ ಮೇಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ಕಣ್ಣು ತುಂಬಿತ್ತು. "ಓಕೆ ಅಂಕಲ್," ಎಂದಷ್ಟೇ ಹೇಳಿದ.

ಅನಂತರಾಮರು ಹೆಂಡತಿಯ ಕಡೆ ತಿರುಗಿದರು. ಹೆಂಡತಿ ಆಶ್ಚರ್ಯಪಟ್ಟಿಲ್ಲವೆಂದು ಅವರಿಗೆ ಆಗಲೇ ಹೊಳೆದದ್ದು. "ನಿನಗೆ ಗೊತ್ತಿತ್ತಾ? ಯಾವಾಗಿಂದ?"

"ಗಣೇಶನ ಹಬ್ಬದಿಂದ. ಸಾರಿಗೆ ಇಂಗು ಹಾಕೋದೇ ಮರೆತಿದ್ದೆ. ನೀವು ಘಮಘಮ ಅಂದ್ರಿ."

"ಆಮೇಲೂ ದಿನಾ ಹೇಗಿದೆ, ಹೇಗಿದೆ ಅಂತ ಕೇಳ್ತಾ ಇದ್ಯಲ್ಲೇ!"

"ಕೇಳೋದು ನಿಲ್ಲಿಸಿದ್ರೆ ನನಗೆ ಗೊತ್ತಾಗಿದೆ ಅಂತ ನಿಮಗೆ ಗೊತ್ತಾಗ್ತಿತ್ತಲ್ಲ."

ಅನಂತರಾಮರು ಪಕ್ಕದ ಕುರ್ಚಿಯನ್ನು ಎಡಗೈಯಿಂದ ಎಳೆದರು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವರು ಸತ್ಯವತಿ. ಅಂದು ಅವರೂ ಕೂತರು. ಅನಂತರಾಮರೇ ತಟ್ಟೆ ಇಟ್ಟು, ಅನ್ನ ಹಾಕಿ, ಸಾರು ಬಡಿಸಿದರು. ಸ್ವಲ್ಪ ಮೇಜಿನ ಮೇಲೂ ಚೆಲ್ಲಿತು. ಸತ್ಯವತಿ ಮೊದಲ ತುತ್ತು ಬಾಯಿಗಿಡುವವರೆಗೂ ಅವರು ಸೌಟು ಹಿಡಿದೇ ಇದ್ದರು.

"ಹೇಗಿದೆ?" ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಸತ್ಯವತಿ ಕಣ್ಣು ಮುಚ್ಚಿದರು. "ಹುಳಿ ಸರಿಯಾಗಿದೆ. ಕೊತ್ತಂಬರಿ ಸೊಪ್ಪು ತಾಜಾ ಇದೆ. ಇಂಗು ಮಾತ್ರ ಬಹಳ ಜಾಸ್ತಿ, ಪಾಪ ವಿನೋದ್ ಆಗಲೇ ಕೆಮ್ಮಿದ."

"ನೀನು ಅಳತೆ ತಪ್ಪೋಳಲ್ಲವಲ್ಲ?"

"ತಪ್ಪಿಲ್ಲ," ಎಂದರು ಸತ್ಯವತಿ. "ಆ ಹಬ್ಬದಿಂದ ಇಂಗು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾ ಬಂದೆ. ಯಾವತ್ತಾದ್ರೂ ಒಂದು ದಿನ ನಿಮಗೆ ಮುಟ್ಟುತ್ತೇನೋ ಅಂತ."

ಅನಂತರಾಮರು ಸೌಟನ್ನು ಪಾತ್ರೆಯೊಳಗಿಟ್ಟು ಹೆಂಡತಿಯ ಪಕ್ಕದಲ್ಲಿ ಕೂತರು. "ನಾಳೆಯಿಂದ ಮೊದಲಿನಷ್ಟೇ ಹಾಕು," ಎಂದರು. "ಹೇಗಿದೆ ಅಂತ ನೀನೇ ಹೇಳು, ನಾನು ಕೇಳ್ತೀನಿ."