ಕುಡಿಯದೆ ಕೆಳಗಿಟ್ಟ ಕಾಫಿ

ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಮಿಲ್ಡಾಳಿಗೆ ಬಾಯಿ ಒಂದು, ಪ್ರಶ್ನೆ ನೂರು. ಲಿಥುವೇನಿಯಾದಿಂದ ಅರಬ್ಬಿ ಓದಲೆಂದು ನಮ್ಮ ಅಮ್ಮಾನ್ ನಗರಕ್ಕೆ ಬಂದ ಹುಡುಗಿ ಅವಳು. ಪುಸ್ತಕದಿಂದ ಕಲಿತ ಭಾಷೆಯಾದ್ದರಿಂದ ತರಕಾರಿ ಕೊಳ್ಳುವಾಗಲೂ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು. "ಮಾನ್ಯರೇ, ಈ ಸೌತೆಕಾಯಿಗಳ ಬೆಲೆ ಎಷ್ಟೆಂದು ತಿಳಿಸುವಿರಾ?" ಎಂದರೆ ಅಂಗಡಿಯವನು ನಗು ತಡೆಯಲಾರದೆ ಎರಡು ಜಾಸ್ತಿಯೇ ಹಾಕಿಬಿಡುತ್ತಿದ್ದ.

ಬಂದ ಮರುದಿನವೇ ಗ್ಯಾಸ್ ಸಿಲಿಂಡರ್ ಮಾರುವ ಲಾರಿಯ ಸಂಗೀತ ಕೇಳಿ, ಐಸ್‌ಕ್ರೀಮ್ ಬಂತೆಂದು ಚಿಲ್ಲರೆ ಹಿಡಿದು ಓಡಿದ್ದಳು. ಸಿಲಿಂಡರ್ ನೋಡಿ ಪೆಚ್ಚಾದಳೇ? ಎಲ್ಲಿಯ ಮಾತು! ಈ ಹಾಡನ್ನು ಆರಿಸಿದವರು ಯಾರು ಎಂದು ಡ್ರೈವರನ್ನೇ ಕೇಳುತ್ತ ನಿಂತಳು. ಉಳಿದ ರೊಟ್ಟಿಯನ್ನು ಕಸಕ್ಕೆ ಹಾಕದೆ ಚೀಲದಲ್ಲಿ ಕಟ್ಟಿ ಗೇಟಿಗೆ ಏಕೆ ತೂಗುಹಾಕುತ್ತೇವೆ, ಅಪ್ಪನನ್ನು ಇಡೀ ಬೀದಿ ಅವರ ಹೆಸರು ಬಿಟ್ಟು ನನ್ನ ಅಣ್ಣನ ಹೆಸರು ಹಿಡಿದು 'ಲೈಥ್‌ನ ಅಪ್ಪ' ಎಂದೇ ಏಕೆ ಕರೆಯುತ್ತದೆ, ಎಲ್ಲವೂ ಬೇಕು ಅವಳಿಗೆ.

"ಹನಾದಿ, ನೀನು ಏನನ್ನು ಅಧ್ಯಯನ ಮಾಡುತ್ತಿರುವೆ?" ಎಂದು ನನ್ನನ್ನೂ ಕೇಳಿದಳು.

"ಪಾತ್ರೆ ತೊಳೆಯೋದನ್ನ," ಎಂದೆ.

ನಿಜ ಏನೆಂದರೆ, ಇರ್ಬಿದ್‌ನಲ್ಲಿ ನನಗೆ ಪಶುವೈದ್ಯಕ್ಕೆ ಸೀಟು ಸಿಕ್ಕಿತ್ತು. ಸೇರಿಕೊಳ್ಳಲು ಭಾನುವಾರ ಕಡೆಯ ದಿನ. ಹೆಣ್ಣುಮಗಳು ಪರ ಊರಿನ ಹಾಸ್ಟೆಲ್‌ನಲ್ಲಿ ಇರಕೂಡದು ಎಂದು ಅಪ್ಪ ಹಟ ಹಿಡಿದು ಕೂತಿದ್ದರು. ಅಷ್ಟು ದೂರದಿಂದ ಒಬ್ಬಳೇ ಬಂದವಳಿಗೆ ಮಾತ್ರ ಹಲ್ಲುಕಿರಿಯುತ್ತ ಕೋಣೆ ಕೊಟ್ಟಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶುಕ್ರವಾರ ಅಪ್ಪ ಅವಳನ್ನು ಊಟಕ್ಕೆ ಕರೆದರು. ಚಿಕ್ಕಪ್ಪನೂ ಬಂದಿದ್ದರು. ಅಮ್ಮ ಮಾಡಿದ ಕುರಿಮಾಂಸದ ಮನ್ಸಫ್‌ನ ಅನ್ನವನ್ನು ನಮ್ಮ ಹಾಗೆ ಕೈಯಲ್ಲಿ ಉಂಡೆ ಕಟ್ಟಲು ಹೋಗಿ, ಮಿಲ್ಡಾ ಮೊಣಕೈವರೆಗೂ ಮೊಸರಿನ ಸಾರು ಇಳಿಸಿಕೊಂಡಳು. ಊಟವಾದ ಮೇಲೆ ನಾನು ಕಹಿ ಕಾಫಿ ಬಗ್ಗಿಸಿ ಮೊದಲು ಅವಳಿಗೇ ಕೊಟ್ಟೆ. ಮೂಸಿ ನೋಡಿದಳು. ಆರಲಿ ಎಂದುಕೊಂಡಳೋ ಏನೋ, ತುಟಿಗೂ ತಾಗಿಸದೆ ಬಟ್ಟಲನ್ನು ಕೆಳಗಿಟ್ಟಳು.

ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ ಬಿತ್ತು. ಅತಿಥಿ ಕಾಫಿ ಮುಟ್ಟದೆ ಕೆಳಗಿಟ್ಟರೆ ಏನೋ ಕೇಳಿಕೊಳ್ಳುವುದಿದೆ ಎಂದೇ ಅರ್ಥ. ಯಜಮಾನ ಹೂಂ ಎನ್ನುವ ತನಕ ಕುಡಿಯುವಂತಿಲ್ಲ. ಕುಡಿಯದೆ ಎದ್ದುಹೋದರೆ ಮನೆಯ ಮರ್ಯಾದೆ ಹೋಯಿತು.

ಅಪ್ಪ ನೆಟ್ಟಗೆ ಕೂತರು. "ಹೇಳಮ್ಮ. ನಿನ್ನ ಮಾತು ನಮ್ಮ ತಲೆ ಮೇಲೆ."

"ಎಲಾ ಇವಳ! ಹೆಣ್ಣು ಕೇಳೋಕೆ ಬರೋದು ನೋಡಿದೀನಿ. ಇವಳು ಗಂಡು ಕೇಳೋಕೆ ಬಂದಳಾ?" ಎಂದರು ಚಿಕ್ಕಪ್ಪ. ನನ್ನ ಅಣ್ಣ ಲೈಥ್ ಕಿವಿವರೆಗೂ ಕೆಂಪಾದ.

ನಾನು ಅವಳ ಕಿವಿಯಲ್ಲಿ ವಿಷಯ ಉಸುರಿದೆ. ಅವಳ ಕಣ್ಣು ಅರಳಿತು. "ಏನನ್ನು ಬೇಕಾದರೂ ಕೇಳಬಹುದೇ?"

"ಕೇಳೇ ಮಾರಾಯ್ತಿ, ಬೇಗ!"

"ಮಾನ್ಯರೇ, ಆ ಗ್ಯಾಸ್ ಲಾರಿಯಲ್ಲಿ ಕುಳಿತು ಒಮ್ಮೆ ನಗರವನ್ನು ಸುತ್ತುವ ಆಸೆಯಿದೆ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟೇನಾ! ಡ್ರೈವರ್ ನಮ್ಮವನೇ. ಆಯ್ತು, ಕಾಫಿ ಕುಡಿ." ಅವಳು ಒಂದೇ ಗುಟುಕಿಗೆ ಕುಡಿದು ಹಾಗಲಕಾಯಿ ಕಚ್ಚಿದವಳಂತೆ ಮುಖ ಮಾಡಿದಳು. ಅಷ್ಟಕ್ಕೇ ಬಿಡುತ್ತಾಳೆಯೇ? ಮತ್ತೆ ಶುರು: "ಈ ಪದ್ಧತಿಯು ಮನೆಯವರಿಗೂ ಅನ್ವಯಿಸುತ್ತದೆಯೇ?"

"ಮನೆಯವರಿಗೆಲ್ಲ ಅಂತಾದ್ರೆ ಈ ದೇಶದಲ್ಲಿ ಒಬ್ಬ ಅಪ್ಪನೂ ಕಾಫಿ ಕಾಯಿಸೋಕೆ ಬಿಡಲ್ಲ ಕಣಮ್ಮ! ಇದು ಅತಿಥಿಗಳಿಗೆ ಮಾತ್ರ," ಎಂದರು ಚಿಕ್ಕಪ್ಪ.

ನನ್ನ ಕಾಫಿ ಇನ್ನೂ ನನ್ನ ಕೈಯಲ್ಲೇ ಇತ್ತು. ಎಲ್ಲಿಂದ ಧೈರ್ಯ ಬಂತೋ, ದೇವರಾಣೆಗೂ ಗೊತ್ತಿಲ್ಲ. ಅಪ್ಪನ ಮುಂದೆ ಇಟ್ಟುಬಿಟ್ಟೆ.

ಅಪ್ಪನ ನಗು ಇಂಗಿತು. "ಏನೇ ಇದು?"

"ನಾನು ಕುಡಿಯಲ್ಲ."

"ತಲೆಗಿಲೆ ಕೆಟ್ಟಿದೆಯಾ? ಮನೆ ಮಗಳು ನೀನು."

"ಹೆಣ್ಣುಮಕ್ಕಳು ಅಪ್ಪನ ಮನೆಗೆ ಅತಿಥಿಗಳು ಅಂತ ಮೂರು ಹೊತ್ತೂ ಹೇಳೋರು ಯಾರಪ್ಪ? ಸೀಟು ಬೇಡ ಅನ್ನೋವಾಗ್ಲೂ ಅದನ್ನೇ ಅಂದ್ರಿ. ಅತಿಥಿಯಾಗೇ ಕೇಳ್ತಿದೀನಿ. ಭಾನುವಾರ ನನ್ನ ಇರ್ಬಿದ್‌ಗೆ ಕಳಿಸಿ."

ಅಮ್ಮ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮಿಲ್ಡಾ ಮೊದಲ ಬಾರಿಗೆ ಏನನ್ನೂ ಕೇಳಲಿಲ್ಲ.

ಅಪ್ಪ ಬಟ್ಟಲನ್ನೇ ನೋಡುತ್ತ ಕೂತರು. ಆಮೇಲೆ ಅದರಲ್ಲಿ ಆರಿದ್ದ ಕಾಫಿಯನ್ನು ಚೆಲ್ಲಿ, ಕೂಜವನ್ನು ಎಡಗೈಗೆ ತೆಗೆದುಕೊಂಡು, ಬಿಸಿ ಕಾಫಿ ಬಗ್ಗಿಸಿದರು. ನಾನು ಹುಟ್ಟಿದಾಗಿನಿಂದ ಅವರು ನನಗೆ ಕಾಫಿ ಬಗ್ಗಿಸಿ ಕೊಟ್ಟವರಲ್ಲ. ಅತಿಥಿಗೆ ಕೊಡುವಂತೆ ಬಲಗೈಯಲ್ಲಿ ಬಟ್ಟಲು ಚಾಚಿದರು.

"ಆಯ್ತು. ಕುಡಿ," ಎಂದರು. "ಆದ್ರೆ ಹನಾದಿ, ನೀನು ಈ ಮನೆಗೆ ಅತಿಥಿ ಅನ್ನೋ ಮಾತು ಇನ್ಮೇಲೆ ನನ್ನ ಬಾಯಲ್ಲೂ ಬರಲ್ಲ. ನಿನ್ನ ಬಾಯಲ್ಲೂ ಬರಬಾರದು."